ಅಂತರ ಸಿಗದ ಹಡಗು

ಕೀಲ್, 23 ಸೆಪ್ಟೆಂಬರ್ 1938

ಪ್ರೀತಿಯ ತೀಸ್,

ನೌಕಾಪಡೆಯವರು ತಲೆ ಬೋಳಿಸಿದರು ಅಂತ ಅಳುತ್ತಾ ಬರೆದಿದ್ದೀಯ. ಒಳ್ಳೆಯದೇ ಆಯಿತು. ನಾನು ಎಷ್ಟು ಬಡಕೊಂಡರೂ ಆ ಕೂದಲಿಗೆ ನೀನು ಬಾಚಣಿಗೆ ತಾಗಿಸಿದವನಲ್ಲ.

ನಿನ್ನೆ ನಿನ್ನ ದೊಡ್ಡಪ್ಪ ನಕ್ಷೆ ಬರೆದ ಹಡಗು ನೀರಿಗಿಳಿಯಿತು. ಹೆಸರು ವಿಂಟರ್‌ಫೆಲ್ಟ್, ಹಳೆಯ ಕಾಲದ ಯಾವನೋ ಸೇನಾಪತಿಯದಂತೆ. ಬ್ಯಾಂಡು, ಬಾವುಟ, ಮುಗಿಯದ ಭಾಷಣ ಎಲ್ಲ ಇತ್ತು. ದೊಡ್ಡಪ್ಪ ನಕ್ಷೆ ಕೋಣೆಯವರ ಜೊತೆ ಹಿಂದುಗಡೆ ನಿಂತಿದ್ದರು. ರಾತ್ರಿ ಊಟಕ್ಕೆ ಕೂತಾಗ, "ಇಂಗ್ಲಿಷರ ಜೊತೆಗಿನ ಒಪ್ಪಂದದ ಪ್ರಕಾರ ಇಂಥ ಕ್ರೂಸರ್ ಹಡಗು ಹತ್ತು ಸಾವಿರ ಟನ್ ಮೀರಬಾರದು. ನಾವೂ ಮೀರಿಲ್ಲ, ಕಾಗದದಲ್ಲಿ," ಅಂದು ನಕ್ಕರು. ಬಾಯ್ಲರುಗಳ ಮಾತೆತ್ತಿದರೆ ಮಾತ್ರ ನಗುವುದಿಲ್ಲ. ಉಗಿಯ ಒತ್ತಡ ವಿಪರೀತವಂತೆ, ದಿನಕ್ಕೊಂದು ಕಡೆ ಸೋರುತ್ತದಂತೆ.

ಇನ್ನೊಂದು ವಿಷಯ. ಬೇರೆ ಊರಿನಲ್ಲಿ ಒಂದು ಭಾರೀ ಯುದ್ಧನೌಕೆ ಕಟ್ಟುತ್ತಿದ್ದಾರಲ್ಲ, ಅದೂ ಇದೂ ದೂರದಿಂದ ಒಂದೇ ಥರ ಕಾಣುವ ಹಾಗೆ ಗೆರೆ ಎಳೆದಿದ್ದಾರೆ. ಅದೇ ಮೂತಿ, ಅದೇ ಗೋಪುರ, ಅದೇ ಒಂಟಿ ಹೊಗೆಗೊಳವೆ. "ಚಿಕ್ಕದನ್ನ ಕಂಡು ದೊಡ್ಡದು ಅಂತ ಶತ್ರು ಹೆದರಲಿ ಅಂತ," ಅಂದರು ದೊಡ್ಡಪ್ಪ. "ದೊಡ್ಡದಕ್ಕೆ ಹೊಡೀಬೇಕಾದ ಗುಂಡನ್ನ ಚಿಕ್ಕದಕ್ಕೆ ಹೊಡೆದ್ರೆ ಏನ್ರೀ ಗತಿ?" ಅಂತ ಕೇಳಿದೆ. ಸೂಪು ಕುಡಿಯುತ್ತಾ ಕೂತರು.

ಕಾರ್ಸ್ಟನ್ ಕೂಡ ನೌಕಾಪಡೆಗೆ ಅರ್ಜಿ ಹಾಕಿದ್ದಾನೆ. ನೀನು ಮಾಡಿದ್ದನ್ನೆಲ್ಲ ಅವನೂ ಮಾಡಬೇಕು. ಬೇಕರಿಯ ಹೆಂಗಸು ಮೊನ್ನೆಯೂ ಅವನನ್ನು ತೀಸ್ ಅಂತಲೇ ಕರೆದಳು. ನನ್ನ ಮಗನಿಗೆ ನನ್ನ ತಂಗಿಯ ಮೂಗು, ತಂಗಿಯ ಮಗನಿಗೆ ನನ್ನ ಗದ್ದ. ಅವಳಾದರೂ ಏನು ಮಾಡಿಯಾಳು. ನಿನ್ನಮ್ಮ ಇದ್ದಿದ್ದರೆ ಈ ಸಮವಸ್ತ್ರದಲ್ಲಿ ನಿನ್ನನ್ನು ನೋಡಿ ಅಳುತ್ತಿದ್ದಳು. ಅವಳ ಬದಲಿಗೆ ನಾನು ಅಳುವುದಿಲ್ಲ, ಕೆಲಸವಿದೆ.

ನಿನ್ನ ದೊಡ್ಡಮ್ಮ,
ವೀಬ್ಕೆ

ಗೋಟನ್‌ಹಾಫನ್, 4 ಮೇ 1941

ದೊಡ್ಡಮ್ಮ,

ನೀವು ಕಳಿಸಿದ ಒಣದ್ರಾಕ್ಷಿ ಬ್ರೆಡ್ಡಿನಲ್ಲಿ ಮುಕ್ಕಾಲು ಪಾಲು ನಿಮ್ಮ ಮಗನ ಹೊಟ್ಟೆ ಸೇರಿತು. ಅವನಿರುವ ಆ ಭಾರೀ ಯುದ್ಧನೌಕೆಯೂ ನಮ್ಮ ಹಡಗೂ ಈಗ ಒಂದೇ ಬಂದರಿನಲ್ಲಿವೆ. ಹುಡುಗರು ಅದನ್ನು ಅಕ್ಕ ಅನ್ನುತ್ತಾರೆ, ನಮ್ಮ ವಿಂಟರ್‌ಫೆಲ್ಟನ್ನು ತಂಗಿ. ಕಾರ್ಸ್ಟನ್ ಬಂದವನೇ, "ನಿಂದು ತಗಡಿನ ಡಬ್ಬಿ ಕಣೋ, ನಮ್ಮದು ಮುಳುಗೋದಲ್ಲ," ಅಂದ. "ನಮ್ಮದನ್ನ ನಿಮ್ಮಪ್ಪ ಬರೆದದ್ದು," ಅಂದೆ. "ಅದಕ್ಕೇ ಹೇಳಿದ್ದು," ಅಂದ.

ನನ್ನ ಕೆಲಸ ಗೋಪುರದ ತುದಿಯ ದೂರಮಾಪಕದಲ್ಲಿ. ಎರಡು ಗಾಜುಗಳಲ್ಲಿ ಎರಡು ಕಣ್ಣಿಟ್ಟು ನೋಡಬೇಕು. ಎರಡು ಚಿತ್ರ ಕೂಡಿ ಒಂದಾಗಿ, ಒಳಗಿನ ಗುರುತು ಆಚೆಯ ಹಡಗಿನ ಮೇಲೆ ಕೂತರೆ ಎಷ್ಟು ದೂರ ಅಂತ ಸಿಗುತ್ತದೆ. ಅದನ್ನು ಕೂಗಿ ಹೇಳಿದರೆ ಫಿರಂಗಿಯವರು ಮಿಕ್ಕದ್ದು ನೋಡಿಕೊಳ್ಳುತ್ತಾರೆ. ನಮ್ಮ ಮೇಲಿನವನು ಬ್ರೋಡರ್ಸನ್ ಅಂತ, ಹಳೆಯ ಮೀನುಗಾರ. ನನ್ನ ಕಣ್ಣು ಒಳ್ಳೆಯದು, ಬಾಯಿ ಮಾತ್ರ ನಿಧಾನ ಅನ್ನುತ್ತಾನೆ.

ಎಲ್ಲಿಗೆ ಹೋಗುತ್ತೇವೆ ಅಂತ ಯಾರೂ ಹೇಳಿಲ್ಲ. ಸ್ವೆಟರ್ ಕೊಟ್ಟಿದ್ದಾರೆ, ಹಾಗಾಗಿ ಬಿಸಿಲಿನ ಕಡೆಗಂತೂ ಅಲ್ಲ.

ತೀಸ್

ಕೀಲ್, 29 ಮೇ 1941

ತೀಸ್,

ಕಾರ್ಸ್ಟನ್‌ನ ಹಡಗಿನ ಸುದ್ದಿ ರೇಡಿಯೋದಲ್ಲಿ ಹೇಳಿದರು. ನಿಮ್ಮ ಹಡಗು ಅದರ ಜೊತೆಯಲ್ಲಿತ್ತಂತೆ. ನೀನು ಬದುಕಿದ್ದೀಯಾ? ನೋಡಿದ್ದನ್ನು ಬರೆ. ದೊಡ್ಡಪ್ಪ ಕೆಲಸಕ್ಕೆ ಹೋಗಿದ್ದಾರೆ, ಇವತ್ತೂ ಹೋಗಿದ್ದಾರೆ.

ವೀಬ್ಕೆ

ಫ್ರಾನ್ಸಿನ ಒಂದು ಬಂದರು, 11 ಜೂನ್ 1941

ದೊಡ್ಡಮ್ಮ,

ರಜೆಗೆ ಹೊರಟ ಒಬ್ಬರ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ, ಹಾಗಾಗಿ ಬಿಚ್ಚಿ ಬರೆಯಬಹುದು. ನಾನು ಬದುಕಿದ್ದೇನೆ.

ಹಿಮಗಡ್ಡೆಗಳ ಅಂಚಿನಲ್ಲಿ ಬೆಳಗಿನ ಜಾವ ಇಂಗ್ಲಿಷರ ಎರಡು ಹಡಗು ಎದುರಾದವು. ಮುಂದೆ ನಾವಿದ್ದೆವು. ಮೊದಲ ಗುಂಡುಗಳು ನಮ್ಮ ಸುತ್ತ ಬಿದ್ದವು. ನಮ್ಮನ್ನೇ ದೊಡ್ಡದು ಅಂದುಕೊಂಡಿದ್ದರು. ಅವರಿಗೆ ತಪ್ಪು ತಿಳಿಯುವಷ್ಟರಲ್ಲಿ ಅವರದೊಂದು ಹಡಗು ಎರಡು ಹೋಳಾಗಿ ಹೋಯಿತು. ನಮ್ಮವರು ಕೂಗಾಡಿದರು. ನಾನೂ ಕೂಗಿದೆ.

ಸಂಜೆ ಮಳೆಯಲ್ಲಿ ನಾವು ಬೇರೆಯಾದೆವು. ನಮಗೆ ತಪ್ಪಿಸಿಕೊಳ್ಳಲು ಹೇಳಿ, ಅಕ್ಕ ಹಿಂದಕ್ಕೆ ತಿರುಗಿ ಮಳೆಯೊಳಗೆ ನುಗ್ಗಿತು. ಆಮೇಲೆ ಆಗಿದ್ದು ನನಗೆ ರೇಡಿಯೋದಿಂದ ಗೊತ್ತಾದದ್ದೇ ಹೊರತು ಕಣ್ಣಿಂದಲ್ಲ.

ಒಂದು ಮಾತು ಬರೆಯಬೇಕೋ ಬೇಡವೋ ತಿಳಿಯದು. ಬೇರೆಯಾದ ಮೇಲೂ, ಅದು ಮುಳುಗಿತು ಅಂತ ಸುದ್ದಿ ಬಂದ ಮೇಲೂ, ನಮ್ಮ ಹಿಂದೆ ದಿಗಂತದಲ್ಲಿ ಅದರ ಆಕಾರ ಕಾಣುತ್ತಿತ್ತು. ಗೋಪುರ, ಹೊಗೆಗೊಳವೆ, ಎಲ್ಲ ಸ್ಪಷ್ಟ. ದೂರಮಾಪಕ ಅದರ ಮೇಲಿಟ್ಟೆ. ಗುರುತು ಕೂರಲಿಲ್ಲ. ಹತ್ತಿರ ತಂದರೂ ಆಚೆ ತಳ್ಳಿದರೂ ಆ ಆಕಾರ ಅಲ್ಲೂ ಇರಲಿಲ್ಲ, ಇಲ್ಲೂ ಇರಲಿಲ್ಲ. ಬ್ರೋಡರ್ಸನ್‌ನನ್ನು ಕರೆದು ತೋರಿಸಿದೆ. ತುಂಬಾ ಹೊತ್ತು ನೋಡಿ ಗಾಜು ಒರೆಸಿದ. "ಮಂಜು ಅದು. ನಮ್ಮದೇ ನೆರಳು. ಇಂಥದ್ದನ್ನೆಲ್ಲ ಕೂಗಿ ಹೇಳ್ಬೇಡ," ಅಂದ. ಆಮೇಲೆ ದೂರಮಾಪಕವನ್ನು ತಾನೇ ಬೇರೆ ದಿಕ್ಕಿಗೆ ತಿರುಗಿಸಿದ.

ಕಾರ್ಸ್ಟನ್ ವಿಷಯ ಏನು ಬರೆಯಲಿ. ಅವನ ಮಫ್ಲರ್ ನನ್ನ ಹತ್ತಿರವೇ ಉಳಿದಿದೆ.

ತೀಸ್

ಕೀಲ್, 2 ಜುಲೈ 1941

ನನ್ನ ತೀಸ್,

ನಿನ್ನ ಬಾಯಿಗೆ ಸಕ್ಕರೆ ಹಾಕಬೇಕು. ರೇಡಿಯೋದವರು ಮುಳುಗಿತು ಅಂದ ಮೇಲೂ ನೀನು ಅದನ್ನು ನೋಡಿದ್ದೀಯ. ನಿನ್ನ ಕಣ್ಣು ಒಳ್ಳೆಯದು ಅಂತ ಆ ಬ್ರೋಡರ್ಸನ್ ಅವರೇ ಹೇಳಿದ್ದಾರಲ್ಲ. ಏಟು ತಿಂದು ಯಾವುದೋ ಬಂದರು ಸೇರಿಕೊಂಡಿದೆ, ಶತ್ರುವಿಗೆ ತಿಳಿಯದಿರಲಿ ಅಂತ ಮುಳುಗಿತು ಅನ್ನುತ್ತಿದ್ದಾರೆ, ಅಷ್ಟೇ.

ಪತ್ರವನ್ನು ದೊಡ್ಡಪ್ಪನಿಗೆ ಓದಿ ಹೇಳಿದೆ. "ಗುರುತು ಕೂರಲಿಲ್ಲ ಅಂತಾನಲ್ಲ ವೀಬ್ಕೆ," ಅಂದರು. "ಹುಡುಗ ಹೊಸಬ, ಕೈ ಪಳಗಿಲ್ಲ," ಅಂದೆ. ಎದ್ದು ಹೊರಗೆ ಹೋದರು.

ಎರಡು ಜೊತೆ ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ. ಬೂದು ಬಣ್ಣದ್ದು ನಿನಗೆ, ನೀಲಿ ಕಾರ್ಸ್ಟನ್‌ಗೆ. ಸಿಕ್ಕಾಗ ಕೊಡು.

ವೀಬ್ಕೆ

ಫ್ರಾನ್ಸ್, 15 ಸೆಪ್ಟೆಂಬರ್ 1941

ದೊಡ್ಡಮ್ಮ,

ದಯವಿಟ್ಟು ಇದನ್ನು ನಿಧಾನವಾಗಿ ಓದಿ. ನಾನು ನೋಡಿದ್ದು ಹಡಗಲ್ಲ. ಹಡಗಾಗಿದ್ದರೆ ದೂರ ಸಿಗುತ್ತಿತ್ತು. ಆ ಮಾತು ಬರೆದದ್ದೇ ನನ್ನ ತಪ್ಪು. ಬದುಕಿ ಉಳಿದವರನ್ನು ಇಂಗ್ಲಿಷರು ಹಿಡಿದುಕೊಂಡಿದ್ದಾರೆ, ಅವರ ಹೆಸರುಗಳು ರೆಡ್‌ಕ್ರಾಸ್‌ನಿಂದ ಬಂದಿವೆ. ಅವನ ಹೆಸರಿಲ್ಲ.

ಇಲ್ಲಿ ಆ ಮಾತನ್ನು ಯಾರೂ ಎತ್ತುವುದಿಲ್ಲ. ಆದರೆ ಹಿಂಭಾಗದಲ್ಲಿ ಕಾವಲು ನಿಲ್ಲುವವರು ಬೆನ್ನು ತಿರುಗಿಸಿ ನಿಲ್ಲುವುದನ್ನು ಕಂಡಿದ್ದೇನೆ.

ನೀಲಿ ಕಾಲುಚೀಲ ಇಟ್ಟುಕೊಂಡಿದ್ದೇನೆ.

ತೀಸ್

ಕೀಲ್, 20 ನವೆಂಬರ್ 1941

ತೀಸ್,

ರೆಡ್‌ಕ್ರಾಸ್‌ನವರು ಎಲ್ಲರ ಹೆಸರು ಬರೆಯುತ್ತಾರೆಯೇ? ನಾನೇ ನೌಕಾಪಡೆಯ ಆಫೀಸಿಗೆ ಹೋಗಿದ್ದೆ. ಎರಡು ಸಲ ಓಡಿಸಿದರು, ಮೂರನೆಯ ಸಲ ಕೂರಿಸಿ ಕಾಫಿ ಕೊಟ್ಟರು. ಒಬ್ಬ ಡಾಕ್ಟರು ಬಂದು ಬಹಳ ಮರ್ಯಾದೆಯಿಂದ ಮಾತಾಡಿಸಿದರು. ನಿದ್ದೆ ಬರುತ್ತದೆಯೇ, ಮನೆತನದಲ್ಲಿ ಯಾರಿಗಾದರೂ ತಲೆ ಕೆಟ್ಟಿತ್ತೇ, ರೇಡಿಯೋ ಸುಳ್ಳು ಹೇಳುತ್ತದೆ ಅಂತ ಬೇರೆ ಯಾರ ಹತ್ತಿರ ಹೇಳಿದ್ದೀರಿ, ಹೀಗೆ. ನನ್ನ ಮಾತು ಅಷ್ಟು ಗಮನವಿಟ್ಟು ಯಾರೂ ಕೇಳಿರಲಿಲ್ಲ. ಮತ್ತೆ ಬರಹೇಳಿದ್ದಾರೆ.

ಪಕ್ಕದ ಮನೆಯ ರೋವರ್ ಅವರ ತಂಗಿಯನ್ನು ಹುಚ್ಚಾಸ್ಪತ್ರೆಗೆ ಸೇರಿಸಿದ್ದರಲ್ಲ, ಹೋದ ತಿಂಗಳು ಅಲ್ಲಿಂದ ಅವಳ ಬೂದಿ ಬಂತು. ನ್ಯುಮೋನಿಯಾ ಅಂತೆ. ಚೆನ್ನಾಗಿಯೇ ಇದ್ದಳು, ಪಾಪ, ಒಬ್ಬಳೇ ಮಾತಾಡಿಕೊಳ್ಳುತ್ತಿದ್ದಳು ಅನ್ನುವುದು ಬಿಟ್ಟರೆ.

ವೀಬ್ಕೆ

ನಾರ್ವೆ, 18 ಮಾರ್ಚ್ 1942

ದೊಡ್ಡಮ್ಮ,

ಆ ಆಫೀಸಿಗೆ ಮತ್ತೆ ಹೋಗಬೇಡಿ. ಆ ಡಾಕ್ಟರು ಕರೆದರೆ ಜ್ವರ ಅನ್ನಿ, ಕಾಲು ನೋವು ಅನ್ನಿ, ಹೋಗಬೇಡಿ. ಇದನ್ನೂ ರಜೆಗೆ ಹೊರಟವನ ಕೈಯಲ್ಲೇ ಕಳಿಸುತ್ತಿದ್ದೇನೆ, ಆದರೂ ಇದಕ್ಕಿಂತ ಹೆಚ್ಚು ಬರೆಯಲಾರೆ. ದೊಡ್ಡಪ್ಪನಿಗೂ ಬರೆದಿದ್ದೇನೆ.

ನಮಗೆ ಟಾರ್ಪಿಡೊ ಬಡಿಯಿತು. ಹಡಗಿನ ಹಿಂಭಾಗ ಮುರಿದು, ಕೋಳಿಯ ಕತ್ತಿನ ಹಾಗೆ ಜೋತುಬಿದ್ದಿತು. ಅದರೊಳಗೆ ನಮ್ಮವರಿದ್ದರು. ಈಗ ಬೆಟ್ಟಗಳ ನಡುವಿನ ನೀರಿನಲ್ಲಿ ನಿಂತಿದ್ದೇವೆ. ವಿಮಾನದವರಿಗೆ ಕಾಣದಿರಲಿ ಅಂತ ಫರ್ ಮರಗಳನ್ನು ಕಡಿದು ಹಡಗಿನ ತುಂಬ ನಿಲ್ಲಿಸಿದ್ದೇವೆ. ಬೆಳಿಗ್ಗೆ ಎದ್ದರೆ ಕಬ್ಬಿಣದ ಮೇಲೆ ಕಾಡು, ಕಾಡಿನ ಮೇಲೆ ಹಿಮ. ಪಕ್ಷಿಗಳೂ ಮೋಸಹೋಗಿ ಬಂದು ಕೂರುತ್ತವೆ.

ಮುರಿದ ಭಾಗವನ್ನು ಕತ್ತರಿಸಿ ತಗಡು ಬೆಸೆಯುತ್ತಿದ್ದಾರೆ. ಚುಕ್ಕಾಣಿ ತಿರುಗಿಸಲು ಯಂತ್ರವಿಲ್ಲ, ದೊಡ್ಡ ರಾಟೆಗೆ ಮನುಷ್ಯರೇ ಹೆಗಲು ಕೊಟ್ಟು ಗಾಣದೆತ್ತಿನ ಹಾಗೆ ಸುತ್ತಬೇಕು. ಹಾಗೇ ಸುತ್ತುತ್ತಾ ಕೀಲ್‌ಗೆ ಬರುತ್ತೇವೆ. ಮೇ ತಿಂಗಳಲ್ಲಿ ಇರಬಹುದು. ಆಗ ಎದುರು ಕೂತು ಎಲ್ಲ ಮಾತಾಡೋಣ.

ತೀಸ್

ಕೀಲ್, 9 ಜೂನ್ 1942

ನನ್ನ ಮಗನೇ, ಕಾರ್ಸ್ಟನ್,

ನೀನು ಹಡಗಿಗೆ ಮರಳಿದ ಮೇಲೆ ಮನೆ ಮತ್ತೆ ಖಾಲಿ. ಆದರೆ ಇದು ಬೇರೆ ಥರದ ಖಾಲಿ, ಇದರಲ್ಲಿ ಉಸಿರಾಡಬಹುದು. ಮುಸ್ಸಂಜೆಯಲ್ಲಿ ಬಾಗಿಲು ತೆರೆದಾಗ ನಿನ್ನನ್ನು ಕಂಡು ನನ್ನ ಕಾಲು ಕುಸಿಯಿತು. ನೀನು ಎತ್ತಿ ಹಿಡಿದೆ. ಎಷ್ಟು ಸೊರಗಿದ್ದೀಯ. ಬಾಚಿಕೊಳ್ಳದೆ ತೀಸ್‌ನ ಹಾಗೇ ಆಗಿದ್ದೀಯ. ಸಾಸಿವೆ ಹಾಕಿದ ಮೀನು ನಿನಗೆ ಪ್ರಾಣ, ಆದರೆ ಔಷಧಿ ನುಂಗುವವನ ಹಾಗೆ ತಿಂದೆ. ಯುದ್ಧ ನಾಲಗೆಯನ್ನೂ ಕೆಡಿಸುತ್ತದೆ ಅಂತ ಅಪ್ಪ ಅಂದರು. ನೀನಿದ್ದಷ್ಟು ದಿನ ಅಪ್ಪ ನನ್ನ ಮುಖ ನೋಡಿ ಮಾತಾಡಿದರು, ಅದೇ ಒಂದು ಹಬ್ಬ.

ಆಫೀಸಿಗೆ ಇನ್ನು ಹೋಗುವುದಿಲ್ಲ. ಮಗ ಬಂದ ಮೇಲೆ ಅಲ್ಲೇನು ಕೆಲಸ? ಡಾಕ್ಟರು ಮನೆಗೇ ಬಂದಿದ್ದರು. "ಮಗ ಸತ್ತ ಅಂತ ಒಪ್ಕೊಂಡಿದಾಳೆ, ಈಗ ಸರಿಯಾಗಿದಾಳೆ," ಅಂತ ಅಪ್ಪ ಬಾಗಿಲಲ್ಲೇ ಹೇಳಿ ಕಳಿಸಿದರು. ಒಳಗೆ ನನಗೆ ನಗು ತಡೆಯಲಾಗಲಿಲ್ಲ.

ತೀಸ್‌ನ ಪತ್ರ ಮಾತ್ರ ಬಂದಿಲ್ಲ. ಅವನು ನಿನ್ನ ಜೊತೆ ಯಾಕೆ ಬರಲಿಲ್ಲ? ಕೇಳಿದರೆ ನೀನು ಕಿಟಕಿಯ ಕಡೆ ನೋಡಿದೆ.

ನಿನ್ನ ಅಮ್ಮ

ಬಾಲ್ಟಿಕ್, 30 ನವೆಂಬರ್ 1942

ಅಮ್ಮ,

ನಿನ್ನ ಪೊಟ್ಟಣ ತಲುಪಿತು. ಹುಷಾರಾಗಿದ್ದೇನೆ. ಹಡಗಿಗೆ ಹೊಸ ಹಿಂಭಾಗ ಬಂದಿದೆ. ಈಗ ಹೊಸ ಹುಡುಗರಿಗೆ ಪಾಠ ಹೇಳುವ ಕೆಲಸ. ತೀಸ್ ವಿಷಯ ನನಗೆ ತಿಳಿಯದು. ನೀನು ಚೆನ್ನಾಗಿ ತಿನ್ನು, ಬೆಚ್ಚಗಿರು, ಮನೆಯಿಂದ ಹೊರಗೆ ಯಾರ ಹತ್ತಿರವೂ ನನ್ನ ಮಾತೆತ್ತಬೇಡ.

ನಿನ್ನ ಮಗ

ಕೀಲ್, 16 ಜನವರಿ 1944

ಕಾರ್ಸ್ಟನ್,

ಬಹಳ ದಿನ ಕಾದೆ, ಇನ್ನು ಕಾಯುವುದಿಲ್ಲ. ನಮ್ಮ ತೀಸ್ ಹೋದ. ಯಾರೂ ಹೇಳಲಿಲ್ಲ, ನನಗೇ ಗೊತ್ತಾಯಿತು. ಎರಡು ಹಡಗಿನಲ್ಲಿ ಒಂದು ಮುಳುಗಿತು ಅನ್ನುವುದಂತೂ ನಿಜ. ನೀನಿದ್ದೀಯ ಅಂದ ಮೇಲೆ ಮುಳುಗಿದ್ದು ಅವನದು.

ಅಪ್ಪನ ಮುಂದೆ ಅಳುವ ಹಾಗಿಲ್ಲ, ಅವರು ಎದ್ದು ಹೋಗುತ್ತಾರೆ. ಹಾಗಾಗಿ ನಿನಗೆ ಬರೆಯುತ್ತೇನೆ. ನನ್ನ ತಂಗಿ ಸತ್ತ ದಿನ ಅವನನ್ನು ಎತ್ತಿಕೊಂಡು ಬಂದಾಗ, ನನ್ನ ಮಗನ ಪಾಲಿನ ಹಾಲು ಇನ್ನು ಇಬ್ಬರಿಗೆ ಅಂತ ಒಳಗೊಳಗೇ ಕುದಿದಿದ್ದೆ. ಒಂದೇ ತಿಂಗಳು. ಆಮೇಲೆ ರಾತ್ರಿ ಕೆಮ್ಮಿದವನು ಯಾರು ಅಂತ ನೋಡದೆಯೇ ಏಳುತ್ತಿದ್ದೆ. ನಿನಗೆ ಹೇಳಬಾರದು, ಆದರೂ ಹೇಳುತ್ತೇನೆ: ನೀನು ನನಗೆ ಹುಟ್ಟಿದವನು, ಅವನು ನನ್ನನ್ನು ನಂಬಿ ಬಂದವನು. ಅವನ ಬಗ್ಗೆ ನನಗೆ ಒಂದು ಹಿಡಿ ಹೆಚ್ಚೇ ಭಯವಿತ್ತು. ಅದನ್ನು ಅವನಿಗೆ ಒಂದು ದಿನವೂ ಹೇಳಲಿಲ್ಲ. ಬಾಚಣಿಗೆ ತಗೋ, ಬಾಗಿಲು ಹಾಕು, ಇಷ್ಟೇ ಹೇಳಿದ್ದು.

ಅವನ ಹಾಸಿಗೆಯ ಹೊದಿಕೆ ಒಗೆದು ಮಡಿಸಿಟ್ಟಿದ್ದೇನೆ.

ಅಮ್ಮ

ಗೋಟನ್‌ಹಾಫನ್, 27 ಅಕ್ಟೋಬರ್ 1944

ದೊಡ್ಡಮ್ಮ,

ಇದನ್ನು ಬ್ರೋಡರ್ಸನ್ ಕೈಯಲ್ಲಿ ಕಳಿಸುತ್ತಿದ್ದೇನೆ. ಕೈ ಮುರಿದಿದೆ ಅಂತ ಅವನನ್ನು ಮನೆಗೆ ಬಿಟ್ಟಿದ್ದಾರೆ.

ಹೋದ ವಾರ ದಡದ ಮೇಲಿನ ರಷ್ಯನ್ನರಿಗೆ ಗುಂಡು ಹೊಡೆದು ಮರಳುತ್ತಿದ್ದೆವು. ಮಂಜು. ನಾನು ಮೇಲಿದ್ದೆ. ಮುಂದುಗಡೆ ಒಂದು ಆಕಾರ ಕಂಡಿತು: ಗೋಪುರ, ಹೊಗೆಗೊಳವೆ. ಇಷ್ಟು ವರ್ಷ ಅಂಥದ್ದನ್ನು ಎಷ್ಟು ಸಲ ಕಂಡು ಬಾಯಿ ಮುಚ್ಚಿಕೊಂಡಿದ್ದೇನೋ. ಹಿಂದೆ ಕಾಣುತ್ತಿದ್ದದ್ದು ಈ ಸಲ ಮುಂದೆ ಬಂದಿದೆ, ಇದೂ ಕರಗುತ್ತದೆ ಅಂದುಕೊಂಡೆ. ಗುರುತು ಇಡಲೇ ಇಲ್ಲ. ಬ್ರೋಡರ್ಸನ್ ನನ್ನ ಪಕ್ಕದಲ್ಲೇ ಇದ್ದ. "ಕಂಡಿತೇನೋ?" ಅಂದ. "ಅದೇ ಅದು," ಅಂದೆ. ಅವನೂ ಸುಮ್ಮನಾದ.

ಅದು ನಮ್ಮ ನೌಕಾಪಡೆಯದೇ ಇನ್ನೊಂದು ಹಡಗು, ನಿಜವಾದದ್ದು. ನಮ್ಮ ಮೂತಿ ಅದರ ನಡುಹೊಟ್ಟೆಗೆ ಹೊಕ್ಕಿತು. ರಾತ್ರಿಯಿಡೀ ಎರಡೂ ಹಾಗೇ ಸಿಕ್ಕಿಕೊಂಡು ನಿಂತವು. ನಮ್ಮ ಮೂತಿಯ ಆಚೆ ಅವರ ಹುಡುಗರು ಒಳಗಿಂದ ಬಡಿಯುವುದು ಕೇಳುತ್ತಿತ್ತು. ಬೆಳಗಾಗುವ ಮೊದಲೇ ಆ ಬಡಿತ ನಿಂತಿತು. ಕೆಳಗೆ ಹಡಗು ನಡೆಸುವವರೂ ಮಂಜಿನಲ್ಲಿ ದಾರಿ ತಪ್ಪಿದ್ದರು, ನಾನು ಕೂಗಿದ್ದರೂ ತಡೆಯಲಾಗುತ್ತಿರಲಿಲ್ಲ ಅನ್ನುತ್ತಾರೆ. ಇರಬಹುದು. ನಾನು ಕೂಗಲಿಲ್ಲ.

ಇನ್ನು ಯಾವ ಆಕಾರಕ್ಕೂ ಸುಮ್ಮನಿರಲಾರೆ. ದೊಡ್ಡಮ್ಮ, ನಾನು ತೀಸ್. ಆ ಸಂಜೆ ಬಾಗಿಲಲ್ಲಿ ನಿಂತವನು ನಾನು. ಅದಕ್ಕೆ ಮೊದಲೇ ದೊಡ್ಡಪ್ಪ ಹಡಗುಕಟ್ಟೆಗೆ ಬಂದು ನನ್ನನ್ನು ಕಂಡಿದ್ದರು. "ಅವಳು ಹೀಗೇ ಆಫೀಸಿಗೆ ಅಲೀತಾ ಇದ್ರೆ ರೋವರ್ ತಂಗಿಯ ಗತಿಯೇ, ಹುಚ್ಚಿ ಅಂತ ಒಯ್ದು ಮುಗಿಸಿಬಿಡ್ತಾರೆ. ಅವಳು ನಿನ್ನನ್ನ ಕಾರ್ಸ್ಟನ್ ಅಂತ ಕರೆದ್ರೆ ಇಲ್ಲ ಅನ್ಬೇಡ. ಕೈ ಮುಗೀತೀನಿ," ಅಂದರು. ದೊಡ್ಡಪ್ಪ ಯಾರಿಗೂ ಕೈ ಮುಗಿದದ್ದು ನಾನು ಕಂಡಿರಲಿಲ್ಲ. ನೀವು ಕರೆದಿರಿ. ನಾನು ಇಲ್ಲ ಅನ್ನಲಿಲ್ಲ. ಆಮೇಲೆ ನೀವು ಕಾರ್ಸ್ಟನ್‌ಗೆ ಬರೆದದ್ದನ್ನೆಲ್ಲ ದೊಡ್ಡಪ್ಪ ನನ್ನ ವಿಳಾಸಕ್ಕೆ ಕಳಿಸಿದರು, ನಿನ್ನ ಮಗ ಅಂತ ಉತ್ತರ ಬರೆದವನೂ ನಾನೇ.

ಕಾರ್ಸ್ಟನ್ ಸತ್ತು ಮೂರು ವರ್ಷ ದಾಟಿತು. ನೀವು ಅತ್ತದ್ದು ನನಗಾಗಿ. ಆ ಪತ್ರ ನನ್ನ ಹತ್ತಿರವಿದೆ. ಅದನ್ನು ಓದಿದ ದಿನ ನನ್ನನ್ನು ಹೂತವರ ಮನೆಯಲ್ಲೇ ನಾನು ಹುಟ್ಟಿದ ಹಾಗಾಯಿತು. ಅದಕ್ಕೇ ಇಷ್ಟು ದಿನ ತಡಮಾಡಿದೆ.

ತೀಸ್

ಬ್ರೆಮರ್‌ಹಾಫನ್, 20 ಡಿಸೆಂಬರ್ 1945

ದೊಡ್ಡಮ್ಮ,

ನೀವು ಉತ್ತರ ಬರೆದಿಲ್ಲ. ಬಾಂಬು ಬಿದ್ದ ಮೇಲೆ ಬೀದಿ ಉಳಿದಿದೆಯೋ, ನೀವು ಉಳಿದಿದ್ದೀರೋ, ಅದೂ ಗೊತ್ತಿಲ್ಲ.

ಯುದ್ಧದ ಕೊನೆಯ ತಿಂಗಳುಗಳಲ್ಲಿ ಪೂರ್ವದಿಂದ ಓಡಿಬಂದವರನ್ನು ಹೊತ್ತು ತಂದೆವು. ಫಿರಂಗಿಗಳ ಕೆಳಗೆ ಹೆಂಗಸರು, ಕೂಸುಗಳು, ಒಬ್ಬಳ ಕೈಯಲ್ಲಿ ಬಾತುಕೋಳಿ. ವಿಂಟರ್‌ಫೆಲ್ಟ್ ಮಾಡಿದ ಕೆಲಸಗಳಲ್ಲಿ ಅದೊಂದನ್ನು ಹೇಳಿಕೊಳ್ಳಬಹುದು. ಈಗ ಹಡಗು ಅಮೆರಿಕನ್ನರ ಪಾಲಾಗಿದೆ. ಸಮುದ್ರ ದಾಟಿಸಿಕೊಂಡು ಹೋಗುತ್ತಾರೆ. ಬಾಯ್ಲರುಗಳ ಚಾಳಿ ಅವರಿಗೆ ತಿಳಿಯದು, ನಮ್ಮ ಜನ ಬೇಕಂತೆ. ದೂರಮಾಪಕಕ್ಕೆ ನನ್ನನ್ನೂ ಕೇಳಿದರು. ಊಟ, ಸಂಬಳ, ಸಿಗರೇಟು. ಅಲ್ಲಿ ಅದನ್ನು ಏನು ಮಾಡುತ್ತಾರೆ ಅಂತ ಯಾರೂ ಬಾಯಿ ಬಿಡುವುದಿಲ್ಲ.

ನೀವು ಬೇಡ ಅಂದರೆ ಅವರ ಜೊತೆ ಹೋಗುತ್ತೇನೆ. ಬಾ ಅಂದರೆ ಬರುತ್ತೇನೆ.

ತೀಸ್

ಕೀಲ್, 6 ಜನವರಿ 1946

ತೀಸ್,

ಬ್ರೋಡರ್ಸನ್ ಅವರು ನಿನ್ನ ಪತ್ರವನ್ನು ಕೊಟ್ಟದ್ದು ನಿನ್ನ ದೊಡ್ಡಪ್ಪನ ಕೈಗೆ. ಅವರು ಕೋಟಿನ ಒಳಜೇಬಿನಲ್ಲಿಟ್ಟುಕೊಂಡು ಓಡಾಡಿದರು. ಇಂಗ್ಲಿಷರು ಊರೊಳಗೆ ಬಂದ ದಿನ ಮೇಜಿನ ಮೇಲಿಟ್ಟು, "ಇನ್ನು ನಿನ್ನನ್ನ ಯಾರೂ ಕರ್ಕೊಂಡು ಹೋಗಲ್ಲ, ಓದು," ಅಂದರು. ಓದಿದೆ. ಅವರ ಜೊತೆ ಬೇಸಿಗೆ ಕಳೆಯುವ ತನಕ ಮಾತಾಡಲಿಲ್ಲ. ನಿನ್ನ ಜೊತೆಯೂ. ಮಗನಿಗಾಗಿ ಅಳಬೇಕಿತ್ತು, ಹಿಂದಿನಿಂದ ಶುರುಮಾಡಬೇಕಿತ್ತು. ಹೊತ್ತು ಹಿಡಿಯಿತು.

ಅವರೀಗ ಹಡಗುಕಟ್ಟೆಯಲ್ಲಿ ಇಟ್ಟಿಗೆ ಹೆಕ್ಕುತ್ತಾರೆ. ಪೆನ್ಸಿಲು ಮುಟ್ಟುವುದಿಲ್ಲ. ಮನೆಗೆ ಚಾವಣಿ ಅರ್ಧ ಇದೆ. ನಿಮ್ಮ ಕೋಣೆಯಲ್ಲಿ ಪೂರ್ವದಿಂದ ಬಂದ ಒಬ್ಬ ಹೆಂಗಸು ಮಕ್ಕಳ ಜೊತೆ ಇದ್ದಾಳೆ. ನೀನು ಅಡುಗೆಮನೆಯಲ್ಲಿ ಒಲೆಯ ಪಕ್ಕ ಮಲಗಬೇಕಾಗುತ್ತದೆ. ತಿನ್ನಲು ಟರ್ನಿಪ್ ಬಿಟ್ಟರೆ ಬೇರೇನಿಲ್ಲ. ಬಾ. ಅಮೆರಿಕಾಕ್ಕೆ ಆ ಕಬ್ಬಿಣ ಹೋಗಲಿ, ನೀನು ಬಾ.

ಒಂದು ಮಾತು ನೀನು ಬರುವ ಮೊದಲೇ ಹೇಳಿಬಿಡುತ್ತೇನೆ. ಆ ಸಂಜೆ ನಿನ್ನ ಮುಖ ನನಗೆ ಗುರುತು ಸಿಕ್ಕಿತ್ತು, ತೀಸ್. ಬಾಗಿಲು ತೆರೆದ ಕೂಡಲೇ ಸಿಕ್ಕಿತ್ತು. ನಾನು ಕಾರ್ಸ್ಟನ್ ಅಂತ ಕರೆದದ್ದು ನಿನ್ನನ್ನಲ್ಲ. ನಿನ್ನ ಹಿಂದೆ ಎರಡು ಮೆಟ್ಟಿಲು ಕೆಳಗೆ ನಿಂತಿದ್ದವನನ್ನು. ನೀನು ನನ್ನನ್ನು ಎತ್ತಿ ಹಿಡಿದೆ, ಬಾಗಿಲು ಮುಚ್ಚಿದೆ, ಅವನು ಹೊರಗೆ ಉಳಿದ. ಆಮೇಲೆ ಯಾರು ಒಳಗೆ, ಯಾರು ಹೊರಗೆ ಅನ್ನುವುದು ನನ್ನ ತಲೆಯಲ್ಲಿ ಕಲಸಿಹೋಯಿತು. ಈಗ ಕಲಸಿಲ್ಲ.

ಮೆಟ್ಟಿಲುಗಳು ಇನ್ನೂ ಗಟ್ಟಿಯಾಗಿವೆ, ಕೈಹಿಡಿಕೆ ಮಾತ್ರ ಉರಿದುಹೋಗಿದೆ. ಗೋಡೆ ಹಿಡಿದು ಹತ್ತು. ಬೆನ್ನ ಹಿಂದೆ ಯಾರದಾದರೂ ಹೆಜ್ಜೆ ಕೇಳಿದರೆ ನಿಲ್ಲಬೇಡ, ತಿರುಗಿಯೂ ನೋಡಬೇಡ. ನೀನು ಒಳಗೆ ಬಂದು ಒಲೆಯ ಹತ್ತಿರ ಕೂರು. ಬಾಗಿಲು ನಾನು ನೋಡಿಕೊಳ್ಳುತ್ತೇನೆ.

ದೊಡ್ಡಮ್ಮ